ಜವರಪ್ಪಣ್ಣನ ಕಿವಿ ನಾನಾಗಿದ್ದಾಗ

ಮಗ ಒಂದು ಪುಟ್ಟ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು ನಾಲ್ಕು ದಿನವಾಯಿತು. ಒಳಗಿರುವುದು ಕಿವಿಗೆ ಹಾಕಿಕೊಳ್ಳುವ ಮಿಷನ್ನು, ಹುಣಸೆಬೀಜದ ಗಾತ್ರದ್ದು. ಅದನ್ನು ನಾನಿನ್ನೂ ಮುಟ್ಟಿಲ್ಲ. ಮುಟ್ಟದಿರಲು ಬೇಕಾದಷ್ಟು ಕಾರಣಗಳಿವೆ. ನನಗೆ ಚೆನ್ನಾಗಿಯೇ ಕೇಳುತ್ತದೆ ಎಂಬುದು ಮೊದಲನೆಯದು. ಅದು ಪೂರಾ ಸುಳ್ಳು.

ಡಬ್ಬಿ ಬಂದದ್ದು ಹೋದ ಭಾನುವಾರದ ಊಟದ ದೆಸೆಯಿಂದ. ನಾಲ್ಕು ಜನ ಸೇರಿ ಮಾತಾಡುವಾಗ ನನ್ನ ಹೆಂಡತಿ ಪಕ್ಕದಲ್ಲಿ ಕೂತು, ನಗಬೇಕಾದ ಕಡೆ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಾಳೆ. ನಾನು ನಗುತ್ತೇನೆ. ಮುದುಕ ಇನ್ನೂ ಚುರುಕಾಗಿದ್ದಾನೆ ಅಂದುಕೊಂಡು ಬಂದವರು ಹೋಗುತ್ತಾರೆ. ಅವತ್ತು ಅವಳು ಸಾರು ತರಲು ಒಳಗೆ ಹೋಗಿದ್ದಳು. ಸೊಸೆ ಕೈ ತಿರುಗಿಸಿ ಏನೋ ಹೇಳಿದಳು, ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಇದೇ ಸಮಯವೆಂದು ನಾನು ಹೊಟ್ಟೆ ಕುಲುಕುವ ಹಾಗೆ ನಕ್ಕೆ. ಆಕೆ ಹೇಳುತ್ತಿದ್ದದ್ದು ತನ್ನ ಸೋದರಮಾವ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ಸಂಗತಿ.

ಮಾನ ಹೋಯಿತು, ನಿಜ. ಆದರೆ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ನನ್ನ ಮಾನವಲ್ಲ, ಜವರಪ್ಪಣ್ಣ. ಅವನನ್ನು ನೆನೆಯದೆ ನಲವತ್ತು ವರ್ಷವಾದರೂ ಆಗಿತ್ತು.

ಆಗ ನನಗೆ ಇಪ್ಪತ್ತೆರಡು, ಲಡಾಯಿಯ ಕಾಲ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ದೇವಸ್ಥಾನದ ಕೆಲಸ, ಶಾಲೆಯ ಕೆಲಸ ಎರಡು ಬಿಟ್ಟು ಮೂರನೆಯದು ಗೊತ್ತಿರಲಿಲ್ಲ. ನಾನು ಮೂರನೆಯದನ್ನು ಹುಡುಕಿಕೊಂಡು ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಬಾರಿಸಲು ಸೇರಿದೆ. ಮನೆಯವರು ಸೂತಕ ಬಂದವರ ಹಾಗೆ ಹತ್ತು ದಿನ ಮಾತು ಬಿಟ್ಟರು. ನಾನೋ ದೊಡ್ಡ ಸಂಗೀತಗಾರನಾಗಿಬಿಟ್ಟೆನೆಂಬ ಜಂಬದಲ್ಲಿದ್ದೆ. ಕಂಪನಿ ಹಾಸನ, ಅರಕಲಗೂಡು, ನಮ್ಮೂರು, ಚನ್ನರಾಯಪಟ್ಟಣ ಹೀಗೆ ಸುತ್ತುತ್ತಿತ್ತು. ಒಂದೊಂದು ಊರಲ್ಲೂ ತಗಡಿನ ಕೊಟ್ಟಿಗೆ ಎಬ್ಬಿಸಿ ತಿಂಗಳುಗಟ್ಟಲೆ ಆಟ.

ಜವರಪ್ಪಣ್ಣ ನಮ್ಮ ಕಂಪನಿಯ ಹಾಸ್ಯಗಾರ. ಹಾಸನದ ಹತ್ತಿರದ ಕೊರವಂಗಲದ ಒಕ್ಕಲುಮಗ, ಐವತ್ತು ದಾಟಿದ್ದವನು, ಕಡ್ಡಿಯಂಥ ಆಳು. ನಾಟಕದೊಳಗೆ ಅವನಿಗೆ ಸಣ್ಣ ಪಾತ್ರ. ಅವನ ನಿಜವಾದ ಕೆಲಸವಿದ್ದದ್ದು ನಾಟಕ ನಿಂತಾಗ. ದರ್ಬಾರಿನ ಸೀನು ಕಳಚಿ ಕಾಡಿನ ಸೀನು ಕಟ್ಟುವುದಕ್ಕೆ ಕಾಲು ಗಂಟೆ ಬೇಕಲ್ಲ, ಅಷ್ಟು ಹೊತ್ತೂ ಮುಂದಿನ ಪರದೆ ಇಳಿಸಿ, ಅದರ ಎದುರಿಗೆ ಅವನೊಬ್ಬನನ್ನೇ ತಳ್ಳುತ್ತಿದ್ದರು. ಜೊತೆಗಾರನಿಲ್ಲ, ಬರೆದ ಮಾತಿಲ್ಲ. ಒಳಗೆ ಸುತ್ತಿಗೆ ಸದ್ದು ನಿಲ್ಲುವವರೆಗೆ ಜನರನ್ನು ನಗಿಸುತ್ತಿರಬೇಕು. ಕಾಡು ಬೇಗ ಬೆಳೆಯದಿದ್ದರೆ ಅರ್ಧ ಗಂಟೆಯೂ ಆಗುತ್ತಿತ್ತು.

ನಗಿಸಲು ಅವನು ಸರಕು ಹೊರಗಿನಿಂದ ತರುತ್ತಿರಲಿಲ್ಲ. ಹೊಸ ಊರಿಗೆ ಇಳಿದ ಮೊದಲ ದಿನ ಅವನಿಗೆ ರಜ. ಗಡ್ಡವಿಲ್ಲದಿದ್ದರೂ ಕ್ಷೌರದ ಅಂಗಡಿಗೆ ಹೋಗಿ ಕೂರುವನು, ಹೋಟೆಲಲ್ಲಿ ಒಂದು ಕಾಫಿಯನ್ನು ಒಂದು ಗಂಟೆ ಕುಡಿಯುವನು. ಸಂಜೆಗೆ ಊರನ್ನೇ ತಂದು ಪರದೆಯ ಮುಂದೆ ನಿಲ್ಲಿಸುವನು. ಹಾಸನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವಾಗ ಒಂದು ನಡಿಗೆ, ಇಳಿಯುವಾಗ ಇನ್ನೊಂದು ನಡಿಗೆ ಇರುವ ಕಕ್ಷಿಗಾರ. ನಮ್ಮೂರಲ್ಲಿ ಹೇಮಾವತಿಯಲ್ಲಿ ಮುಳುಗಿ ಮಂತ್ರ ಹೇಳುತ್ತ, ದಡದ ಮೇಲಿಟ್ಟ ಪಂಚೆಯ ಕಡೆಗೇ ಒಂದು ಕಣ್ಣಿಟ್ಟವರು. ಇದನ್ನು ನೋಡಿ ನಮ್ಮ ಚಿಕ್ಕಪ್ಪ ಮೂರು ದಿನ ಹೊಳೆಗೇ ಹೋಗಲಿಲ್ಲ. ನೋವಾಗುವ ಹಾಗೆ ಮಾತ್ರ ಅವನು ಯಾರನ್ನೂ ಆಡಿಕೊಂಡದ್ದಿಲ್ಲ.

ಅವನ ಗುಟ್ಟು ನನಗೆ ತಿಳಿದದ್ದು ಅರಕಲಗೂಡಿನಲ್ಲಿ. ಇಬ್ಬರೂ ರಸ್ತೆಯಲ್ಲಿ ಹೋಗುತ್ತಿದ್ದೆವು. ಹಿಂದಿನಿಂದ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲುಗ್ಯಾಸಿನ ಬಸ್ಸು ಹಾರನ್ನು ಒತ್ತುತ್ತಲೇ ಬಂತು. ನಾನು ಪಕ್ಕಕ್ಕೆ ಹಾರಿದೆ, ಜವರಪ್ಪಣ್ಣ ನಡುರಸ್ತೆಯಲ್ಲಿ ಆರಾಮಾಗಿ ನಡೆಯುತ್ತಲೇ ಇದ್ದ. ತೋಳು ಹಿಡಿದು ಎಳೆದುಕೊಂಡೆ. ಅವನು ಧೂಳು ಅಡಗುವವರೆಗೆ ಬಸ್ಸನ್ನೇ ನೋಡುತ್ತ ನಿಂತ.

“ಎರಡ್ ವರ್ಸಾಯ್ತು ಸ್ವಾಮಿ,” ಅಂದ. ನನಗಿಂತ ಮೂವತ್ತು ವರ್ಷ ದೊಡ್ಡವನಾದರೂ ಅವನು ನನ್ನನ್ನು ಸ್ವಾಮಿ ಅನ್ನುವುದನ್ನು ಬಿಡಲಿಲ್ಲ. “ಯಾರ್ಗೂ ಏಳ್ಬ್ಯಾಡಿ. ಕಿವುಡನ್ನ ಯಾವ್ ಕಂಪ್ನೀಲಿ ಇಟ್ಕತಾರೆ?”

ನಾಟಕದೊಳಗೆ ತೊಂದರೆಯಿಲ್ಲವಂತೆ, ಮಾತೆಲ್ಲ ಬಾಯಿಪಾಠವಾಗಿದ್ದರಿಂದ ಎದುರಿನವರ ತುಟಿ ನೋಡಿ ತನ್ನ ಮಾತು ಹೇಳುತ್ತಿದ್ದ. ಕಷ್ಟವಿದ್ದದ್ದು ಒಬ್ಬನೇ ನಿಂತಾಗ. ನಗಿಸುವವನಿಗೆ ಮಾತಿಗಿಂತ ಮುಖ್ಯ, ನಗು ಯಾವಾಗ ಇಳಿಯಿತು ಎಂದು ಗೊತ್ತಾಗುವುದು. ಇಳಿಯುವ ಮೊದಲೇ ಬಾಯಿಬಿಟ್ಟರೆ ಮುಂದಿನ ಮಾತು ಮುಳುಗುತ್ತದೆ, ತಡವಾದರೆ ಜನ ಆರಿಹೋಗುತ್ತಾರೆ. ಗ್ಯಾಸ್‌ಲೈಟು ಕಣ್ಣಿಗೇ ಹೊಡೆಯುವುದರಿಂದ ಅವನಿಗೆ ಜನರ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ರಂಗದ ಬುಡದಲ್ಲಿ ಜನರಿಗೆ ಬೆನ್ನು ಹಾಕಿ ಕೂತ ಹಾರ್ಮೋನಿಯಂನವನು ಒಬ್ಬನೇ. ಅಂದರೆ ನಾನು.

ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಕಟ್ಟುಪಾಡಾಯಿತು. ನಗು ಎದ್ದರೆ ನಾನು ತಲೆ ತಗ್ಗಿಸಬೇಕು. ಇಳಿದ ಕೂಡಲೇ ತಲೆ ಎತ್ತಬೇಕು. ಅಷ್ಟೇ. ಆಮೇಲೆ ಅವನ ಆಟ ಮೊದಲಿಗಿಂತ ಕಳೆಗಟ್ಟಿತು. ಆ ಚಪ್ಪಾಳೆಯಲ್ಲಿ ಅರ್ಧ ನನ್ನದೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಚನ್ನರಾಯಪಟ್ಟಣದಲ್ಲಿ ಅವನ ಕಣ್ಣಿಗೆ ಬಿದ್ದವರು ಜವಳಿ ಅಂಗಡಿಯ ನಂಜಪ್ಪನವರು. ವಿಭೂತಿ ಹಚ್ಚಿ, ಶುಭ್ರವಾಗಿ ಕೂತ ಹಿರಿಯ ವರ್ತಕರು. ಅವರಿಗೊಂದು ಅಭ್ಯಾಸ. ಬಟ್ಟೆ ಅಳೆದು, ಕತ್ತರಿ ಇಟ್ಟು, ‘ಕತ್ತರಿಸ್ಲಾ?’ ಎಂದು ಗಿರಾಕಿಯನ್ನು ಕೇಳಿ, ಅವನು ಹೂಂ ಅಂದ ಮೇಲೆ ಕತ್ತರಿ ತೆಗೆದು ಮತ್ತೆ ಅಳೆಯುವರು. ಹೀಗೆ ಮೂರು ಸಲ. ಜವರಪ್ಪಣ್ಣ ಇದನ್ನು ಬಟ್ಟೆ, ಕತ್ತರಿ ಎರಡೂ ಇಲ್ಲದೆ ಮಾಡಿ ತೋರಿಸಿದ. ಮುಂದಿನ ಸಾಲಿನಲ್ಲಿ ಕೂತಿದ್ದ ನಂಜಪ್ಪನವರೇ ಎಲ್ಲರಿಗಿಂತ ಹೆಚ್ಚು ನಕ್ಕು ಶಲ್ಯದಲ್ಲಿ ಕಣ್ಣೊರೆಸಿಕೊಂಡರು. ಮಾರನೆಯ ದಿನ ಅವನಿಗೊಂದು ಪಂಚೆ ಕಳಿಸಿ, ಒಂದೇ ಏಟಿಗೆ ಕತ್ತರಿಸಿದ್ದೇನೆಂದು ಹೇಳಿ ಕಳಿಸಿದರು. ಜನ ಪಟ್ಟು ಹಿಡಿದಿದ್ದರಿಂದ ಎರಡನೆಯ ದಿನವೂ ಅದೇ ಆಯಿತು.

ಮೂರನೆಯ ದಿನ ಬೆಳಿಗ್ಗೆ ನಾನು ಹಿರೀಸಾವೆಗೆ ಹೋದೆ. ಅಲ್ಲಿ ನಮ್ಮಕ್ಕನ ಮನೆ. ಅಕ್ಕ ಒಬ್ಬಟ್ಟು ಮಾಡಿದ್ದಳು, ಎರಡು ತಿಂದು ಎದ್ದಿದ್ದರೆ ಬೇಗನೆ ಬಸ್ಸು ಸಿಗುತ್ತಿತ್ತು. ನಾನು ಐದು ತಿಂದೆ. ಆಟ ಶುರುವಾಗುವ ಹೊತ್ತಿಗೆ ಓಡಿಬಂದು, ಯಾರೊಂದಿಗೂ ಒಂದು ಮಾತಾಡದೆ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತೆ. ಜನ ಕಡಿಮೆಯಿದ್ದರು. ಹಬ್ಬವೋ ಏನೋ ಅಂದುಕೊಂಡೆ.

ದರ್ಬಾರು ಮುಗಿದು ಪರದೆ ಇಳಿಯಿತು. ಜವರಪ್ಪಣ್ಣ ಅದೇ ಹೊಸ ಪಂಚೆ ಉಟ್ಟು ಬಂದ. ಗಾಳಿಯಲ್ಲಿ ಬಟ್ಟೆ ಹಾಸಿದ, ಅಳೆದ, ಕತ್ತರಿ ಇಟ್ಟ. “ಕತ್ತರಿಸ್ಲಾ?” ಅಂದ.

ನನ್ನ ಬೆನ್ನ ಹಿಂದೆ ಒಂದು ಉಸಿರೂ ಇಲ್ಲ. ಹಿಂದಿನ ದಿನ ತಗಡು ಹಾರಿಹೋಗುವ ಹಾಗೆ ನಕ್ಕ ಜಾಗ. ಅವನು ನನ್ನನ್ನು ನೋಡಿದ. ನಾನು ತಲೆ ಎತ್ತಿಯೇ ಇದ್ದಿದ್ದರೆ ಯಾರೂ ನಗಲಿಲ್ಲವೆಂದು ಅವನಿಗೆ ತಿಳಿಯುತ್ತಿತ್ತು, ಅವನು ಬೇರೆ ಏನನ್ನಾದರೂ ಹಿಡಿಯುತ್ತಿದ್ದ. ನನಗೆ ಮನಸ್ಸು ಬರಲಿಲ್ಲ. ಅವನ ಮುಖ ಬಾಡುವುದನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ.

ಅವನು ನಗು ಇಳಿಯಲೆಂದು ಕಾದ. ಕೈಯಲ್ಲಿ ಇಲ್ಲದ ಕತ್ತರಿ ಹಿಡಿದು, ಸಂತೋಷವಾಗಿ, ಆ ಮೌನದ ಎದುರು ಕಾಯುತ್ತ ನಿಂತ. ನಾನು ತಲೆ ಎತ್ತಲಾರದೆ ಕೂತೆ. ಈಗಲೂ ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಹಿಂದಿನಿಂದ ಯಾರೋ ಎದ್ದರು. “ಸತ್ತೋರ್ನ ಆಡ್ಕಂಡು ನಗ್ತಾ ನಿಂತವ್ನೆ ನೋಡು. ಯಜಮಾನ್ರನ್ನ ಮಣ್ ಮಾಡಿ ಬಂದು ಇನ್ನೂ ಕಾಲ್ ತೊಳ್ದಿಲ್ಲ ನಾವು.” ನಂಜಪ್ಪನವರು ಆ ಬೆಳಿಗ್ಗೆ ಅಂಗಡಿಯಲ್ಲೇ ಕುಸಿದು ತೀರಿಕೊಂಡಿದ್ದರು. ರಾತ್ರಿಯೆಲ್ಲ ಆಡಿ ಹಗಲೆಲ್ಲ ಕೊಟ್ಟಿಗೆಯಲ್ಲಿ ಮಲಗುವ ಕಂಪನಿಯವರಿಗೆ ಸುದ್ದಿ ಮುಟ್ಟಿರಲಿಲ್ಲ. ಹೋಟೆಲಿನವನೂ ಎದ್ದು, ಕಾಫಿ ಕೊಡುವಾಗ ತಾನೇ ಇವನಿಗೆ ಸುದ್ದಿ ಹೇಳಿದ್ದಾಗಿಯೂ, ಇವನು ನಗುತ್ತ ತಲೆಯಾಡಿಸಿದ್ದಾಗಿಯೂ ಕೂಗಿ ಹೇಳಿದ. ಊರೆಲ್ಲ ಎದ್ದು ನಿಂತಿತು.

ನಾನು ಆಗ ತಲೆ ಎತ್ತಿದೆ. ನನ್ನ ಮುಖ ಕಂಡು ಜವರಪ್ಪಣ್ಣ ರಂಗದ ಅಂಚಿಗೆ ಬಂದು ಬಗ್ಗಿದ. ಅವನ ಕಿವಿಗೆ ಬಾಯಿಟ್ಟು, ನಂಜಪ್ಪನವರು ತೀರಿಕೊಂಡರೆಂದು ಕಿರುಚಿದೆ. ಒಳಗಿದ್ದ ಮಾಲೀಕರಿಗೂ ಕೇಳುವಷ್ಟು ಗಟ್ಟಿಯಾಗಿ ಕಿರುಚದೆ ಅವನಿಗೆ ಕೇಳುತ್ತಿರಲಿಲ್ಲ.

ಅವನು ಒಳಗೆ ಓಡಿಹೋಗಬಹುದಿತ್ತು. ಹೋಗಲಿಲ್ಲ. ನೆಟ್ಟಗೆ ನಿಂತು, ತಲೆಯ ಕುಲಾವಿ ತೆಗೆದು ಕೈಮುಗಿದ. “ನಂಗೆ ಕಿವಿ ಕೇಳಾಕಿಲ್ಲ ಕಣ್ರಪ್ಪಾ. ಅನ್ನಕ್ಕೋಸ್ಕರ ಮುಚ್ಚಿಟ್ಟಿದ್ದೆ. ಯಜಮಾನ್ರು ತೀರ್ಕಂಡಿದ್ದು ದೇವ್ರಾಣೆಗೂ ಗೊತ್ತಿಲ್ಲ.”

ನಿಂತವರು ಒಬ್ಬೊಬ್ಬರಾಗಿ ಕೂತರು. ಆಟ ಅಲ್ಲಿಗೇ ನಿಂತಿತು.

ಮಾರನೆಯ ಬೆಳಿಗ್ಗೆ ಇಬ್ಬರೂ ನಂಜಪ್ಪನವರ ಮನೆಗೆ ಹೋದೆವು. ಬೈಗಳನ್ನು ಕೇಳಲು ಸಿದ್ಧರಾಗಿಯೇ ಹೋಗಿದ್ದೆವು. ದೊಡ್ಡ ಮಗ ಜಗಲಿಯ ಮೇಲೆ ಜಾಗ ಮಾಡಿ ಕೂರಿಸಿದರು. ಅವರ ತಂದೆ ಎರಡು ದಿನವೂ ಉಣ್ಣುವಾಗ ಇವನನ್ನು ನೆನೆದು ನಗುತ್ತಿದ್ದರಂತೆ. ತೀರಿಕೊಂಡ ದಿನವೂ ಮೊದಲ ಗಿರಾಕಿಗೆ ‘ಕತ್ತರಿಸ್ಲಾ’ ಎಂದು ಕೇಳಿ ತಾವೇ ನಕ್ಕರಂತೆ. ನಾನು ಅದನ್ನು ಒಂದಕ್ಷರ ಬಿಡದೆ ಜವರಪ್ಪಣ್ಣನ ಕಿವಿಗೆ ಹೇಳಿದೆ. ಅವನು ಪಂಚೆಯ ಚುಂಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮಾಲೀಕರು ಕೆಟ್ಟವರಲ್ಲ. ಪರದೆ ಎಳೆಯುವ ಕೆಲಸ ಕೊಡುತ್ತೇನೆಂದರು. ಪರದೆಯ ಮುಂದೆ ನಿಂತವನಿಗೆ ಅದರ ಹಗ್ಗ ಹಿಡಿಯಲು ಮನಸ್ಸಾಗಲಿಲ್ಲ. ಹಾಸನದ ಬಸ್ಸು ಹತ್ತಿಸಲು ನಾನು ಹೋದೆ. ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ, ಅವನು ತುಟಿ ನೋಡಿಯೇ ತಿಳಿದುಕೊಂಡ. ಯಾವತ್ತೂ ಸ್ವಾಮಿ ಅನ್ನುತ್ತಿದ್ದವನು ಅವತ್ತು ನನ್ನ ಭುಜದ ಮೇಲೆ ಕೈಯಿಟ್ಟ.

“ನೀನು ಪ್ರೀತಿಗೆ ಮಾಡ್ದೆ ಮಗಾ, ಗೊತ್ತು. ಆದ್ರೆ ನಗ್ದೇ ಇದ್ದಾಗ ನಕ್ರು ಅಂತ ಏಳ್ಬಾರ್ದು ಕಣಪ್ಪಾ. ಒಬ್ನೇ ನಿಂತಿರ್ತೀವಿ.”

ಆಮೇಲೆ ನಾನು ಅವನನ್ನು ಕಾಣಲಿಲ್ಲ. ಕೊರವಂಗಲವೇನು ದೂರವೇ? ಹಾಸನಕ್ಕೆ ಎಷ್ಟು ಸಲ ಹೋಗಿಲ್ಲ. ಮುಖ ತೋರಿಸಲು ಧೈರ್ಯವಿರಲಿಲ್ಲ, ಅಷ್ಟೇ. ಎರಡು ವರ್ಷಕ್ಕೆ ಕಂಪನಿ ಬಿಟ್ಟು ನಾನೂ ಶಾಲೆಯ ಸಂಗೀತದ ಮೇಷ್ಟ್ರಾದೆ. ಮನೆಯವರು ನೆಮ್ಮದಿಯಾಗಿ ಉಸಿರು ಬಿಟ್ಟರು.

ಇಷ್ಟನ್ನು ಬರೆದು ಮುಗಿಸಿ, ಇವತ್ತು ಮಧ್ಯಾಹ್ನ ಆ ಡಬ್ಬಿ ತೆಗೆದೆ. ಮಿಷನ್ನು ಕಿವಿಗಿಟ್ಟುಕೊಂಡಾಗ ಮೊದಲು ಕೇಳಿದ್ದು ನನ್ನದೇ ಉಸಿರು. ಹೆಂಡತಿಯನ್ನು ಕರೆದು, ಇನ್ನು ಮುಂದೆ ನೀನು ತಿವಿಯಬೇಡ, ಕೇಳದಿದ್ದರೆ ಕೇಳಲಿಲ್ಲ ಅನ್ನುತ್ತೇನೆ ಅಂದೆ. ಅವಳು ನಂಬಲಿಲ್ಲ. ಪರೀಕ್ಷೆ ಮಾಡಲೆಂದು ಹಿಂದೆ ಸರಿದು ನಿಂತು, ನಮ್ಮ ಮದುವೆಯಲ್ಲಿ ಬೀಗರ ರುಮಾಲು ಪಾಯಸಕ್ಕೆ ಬಿದ್ದ ಕಥೆಯನ್ನು ಮೆಲ್ಲಗೆ ಹೇಳಿದಳು. ಐವತ್ತು ವರ್ಷದಿಂದ ಅವಳು ಅದನ್ನು ಹೇಳುತ್ತಿದ್ದಾಳೆ, ನಾನು ನಗುತ್ತಿದ್ದೇನೆ.

“ಕೇಳ್ತು,” ಅಂದೆ. “ಆದ್ರೆ ನಗು ಬರಲಿಲ್ಲ ಕಣೆ.”

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಬಾಗಿಲು ಹಿಡಿದುಕೊಂಡು ನಗಲು ಶುರುಮಾಡಿದಳು. ಎಷ್ಟು ವರ್ಷವಾಗಿತ್ತೋ ಆ ಸದ್ದು ಕೇಳಿ. ನಾನು ತಲೆ ತಗ್ಗಿಸಿ ಕೂತು, ಅದು ಪೂರಾ ಇಳಿಯುವವರೆಗೆ ಕೇಳಿದೆ.