ಹಾಸಿಗೆಯ ಮೇಲೆ ಅಕ್ಕಿ

ಕೇಟಿ ಊರಿನ ನಮ್ಮ ಮನೆ ಮುಂದೆ, ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಕ್ಯಾಂಪಿಂಗ್ ಟ್ರೈಲರ್ ಬಂದು ನಿಂತ ಮೇಲೆ ನನ್ನ ಗಂಡನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಸ್ಟಿನ್ ಹತ್ತಿರದ ಕೆರೆ ದಂಡೆಗೆ ಕನ್ನಡದವರ ನಾಲ್ಕು ಮನೆ ಸೇರಿ ಹೊರಟಿದ್ದೆವು. ಎಲ್ಲರ ಅಡುಗೆ ಸಾಮಾನೂ ನಮ್ಮ ಟ್ರೈಲರ್‌ನಲ್ಲೇ. ಅಕ್ಕಿ ಮೂಟೆ, ಕುಡಿಯುವ ನೀರು, ಗ್ರೈಂಡರ್, ದೊಡ್ಡ ಕುಕ್ಕರ್.

ಟ್ರೈಲರ್‌ನಲ್ಲಿ ಅಡುಗೆಮನೆ ಹಿಂದೆ, ಹಾಸಿಗೆ ಮುಂದೆ. ಭಾರವನ್ನೆಲ್ಲ ಗಂಡ ಹಿಂದೆಯೇ ತುಂಬಿದ್ದ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಹಿಂದೆ ಭಾರ ಹೆಚ್ಚಾದರೆ ಓಡುವಾಗ ಟ್ರೈಲರ್ ಓಲಾಡುತ್ತದೆ, ಟ್ರಕ್ಕನ್ನೂ ಎಳೆದು ಉರುಳಿಸುತ್ತದೆ ಎಂದು ಬಿಡಿಸಿ ಹೇಳಿದೆ.

“ರೀ, ಮೂಟೆ ಎಲ್ಲಾ ಮುಂದೆ ಹಾಕಿ.”

“ಹಾಸಿಗೆ ಮೇಲೆ ಅಕ್ಕಿ ಇಡ್ತಾರೇನೇ? ಮೈಲಿಗೆ. ನಮ್ಮಮ್ಮ ಕೇಳಿದ್ರೆ ಏನಂತಾರೆ?”

ಹಾಸಿಗೆಯಲ್ಲೇ ಕೂತು ಪಿಜ್ಜಾ ತಿಂದು ಹೊದಿಕೆಗೆ ಕೈ ಒರೆಸುವ ಮನುಷ್ಯನಿಗೆ ಅವತ್ತು ಮಡಿ ನೆನಪಾಯಿತು. ನನಗೆ ಮೈಯೆಲ್ಲ ಉರಿಯಿತು. ಮಗಳ ಮುಂದೆ ಜಗಳ ಬೇಡವೆಂದು ಟ್ರಕ್ಕು ಹತ್ತಿದೆ.

ಹೈವೇಯ ಇಳಿಜಾರಿನಲ್ಲಿ ಟ್ರೈಲರ್ ಓಲಾಡತೊಡಗಿತು. ಟ್ರಕ್ಕಿನ ಹಿಂಭಾಗವನ್ನು ಆ ಕಡೆ ಈ ಕಡೆ ಜಗ್ಗಿತು. ಪಕ್ಕದಲ್ಲೇ ಲಾರಿ. ಹಿಂದಿನ ಸೀಟಿನಲ್ಲಿ ಮಗಳು ಚೀರಿದಳು. ಗಂಡ ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತಿದ್ದ. “ಆಕ್ಸಿಲರೇಟರ್ ಬಿಡಿ! ಬ್ರೇಕ್ ಒತ್ಬೇಡಿ!” ಎಂದು ಕೂಗಿ, ಟ್ರೈಲರ್‌ಗೆ ಮಾತ್ರ ಬ್ರೇಕ್ ಹಾಕುವ ಸ್ವಿಚ್ಚನ್ನು ನಾನೇ ಕೈ ಚಾಚಿ ಒತ್ತಿದೆ. ನಿಧಾನವಾಗಿ ಗಾಡಿ ನೆಟ್ಟಗಾಯಿತು. ರಸ್ತೆ ಬದಿಗೆ ನಿಂತು, ಉಳಿದ ದಾರಿಯನ್ನು ಮೆಲ್ಲಗೆ ಸಾಗಿದೆವು.

ಕೆರೆ ದಂಡೆಯಲ್ಲಿ ಬಿಸಿಬೇಳೆ ಬಾತ್ ಬಡಿಸುತ್ತಿದ್ದಾಗ ಗಂಡನ ಮಾತು ಕಿವಿಗೆ ಬಿತ್ತು.

“ಟ್ರೈಲರ್ ಓಲಾಡ್ತು ಕಣ್ರೋ, ಪಟ್ ಅಂತ ಕಂಟ್ರೋಲ್ ಮಾಡ್ದೆ. ಇವ್ಳು ಬರೀ ಕಿರ್ಚಾಡ್ತಿದ್ಲು.”

“ನೋ, ಅಮ್ಮ ಸ್ಟಾಪ್ಡ್ ಇಟ್,” ಎಂದಳು ಮಗಳು.

“ಅಮ್ಮನ ಚಮಚಾ!” ಎಂದ, ಡಲ್ಲಾಸ್‌ನಿಂದ ಬಂದಿದ್ದ ಅವನ ಗೆಳೆಯ. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ಮಗಳ ಮುಖ ಸಣ್ಣದಾಯಿತು. ನನ್ನ ಮಾತಿಗೆ ಬೆಲೆಯಿಲ್ಲದ್ದು ಹಳೆಯ ಸಂಗತಿ. ಅವಳ ಮಾತಿಗೂ ಇಲ್ಲ ಎಂಬುದು ಅವತ್ತು ತಿಳಿಯಿತು.

ವಾಪಸ್ ಹೊರಡುವಾಗ ಉಳಿದ ಸಾಮಾನನ್ನೆಲ್ಲ ಗಂಡ ಮತ್ತೆ ಹಿಂದೆಯೇ ತುಂಬಿದ. ನಾನು ಮಗಳ ಬ್ಯಾಗನ್ನು ಟ್ರಕ್ಕಿನಿಂದ ತೆಗೆದು, ನಮ್ಮೂರಿನ ಹತ್ತಿರದ ಮಿಸೌರಿ ಸಿಟಿಯಿಂದ ಬಂದಿದ್ದ ಗೆಳತಿಯ ಕಾರಿನಲ್ಲಿಟ್ಟೆ. ಇಬ್ಬರೂ ಹತ್ತಿ ಕೂತೆವು.

ಅವನು ಕಿಟಕಿಗೆ ಬಗ್ಗಿ, “ಎಲ್ಲರ ಮುಂದೆ ಮಾನ ಕಳೀಬೇಡ, ಬಾರೇ,” ಎಂದ.

“ಮಾನ ನಿಮ್ಮ ಹತ್ರಾನೇ ಇರ್ಲಿ. ಮಗು ನನ್ನ ಹತ್ರ ಇರತ್ತೆ,” ಎಂದು ಕಿಟಕಿಯ ಗಾಜು ಏರಿಸಿದೆ.