ಕಪ್ಪು ಪಾತರಗಿತ್ತಿಯ ಜೋಡಿ

ನಮ್ಮ ಮನೆಯವರು ಬಾದಾಮಿಯಲ್ಲಿ ಮಾಸ್ತರರಾಗಿದ್ದರು. ಸತ್ತುಬಿದ್ದ ಪಾತರಗಿತ್ತಿಗಳನ್ನು ತಂದು, ಮನೆತನ ಗುರುತಿಸಿ, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಮುಂಗಾಲೆರಡನ್ನು ಕುಂಚದಂತೆ ಎದೆಗೆ ಮಡಚಿ ನಾಲ್ಕೇ ಕಾಲ ಮೇಲೆ ನಿಲ್ಲುವವೆಲ್ಲ ಒಂದು ಮನೆತನ. ಇಳಕಲ್ಲಿನ ನೇಕಾರರ ಮಗಳಾದ ನಾನು ಬಣ್ಣ ನೋಡಿ ಗುಂಪು ಮಾಡಿದರೆ, "ಬಣ್ಣಕ್ಕ ಮರುಳಾಗಬ್ಯಾಡ, ಕಾಲ ನೋಡು," ಎನ್ನುತ್ತಿದ್ದರು. ಆ ಮನೆತನದೊಳಗೆ ಕೇಸರಿಯವು ಒಂದು ಸಾಲು, ಬಿಳಿ ಚುಕ್ಕೆಯ ಕಪ್ಪಿನವು ಇನ್ನೊಂದು.

ಒಂದು ಸಂಜೆ ಹೊಂಡದ ದಂಡೆಯ ಗಿಡದಲ್ಲಿ ಕೇಸರಿಯದೊಂದು ಕಪ್ಪಿನದರ ಜೊತೆ ಕೂಡಿದ್ದನ್ನು ಕಂಡು ಓಡಿಬಂದರು.

"ಗಂಡ-ಹೆಂಡ್ತಿನ್ನ ಬ್ಯಾರೆ ಬ್ಯಾರೆ ಇಟ್ಟಿದ್ನಲ್ಲ ನಾ!"

"ಏನ್ರಿ ಮಾಸ್ತರ, ನೀವೂ ಬಣ್ಣಕ್ಕ ಮರುಳಾದ್ರಿ?" ಎಂದೆ.

ಹೊಟ್ಟೆ ಹಿಡಿದು ನಕ್ಕರು. ವರ್ಷಗಟ್ಟಲೆ ಜೋಡಿಸಿದ ಸಾಲನ್ನು ಆಗಲೇ ಕೆಡಿಸಿ, ಪೆಟ್ಟಿಗೆಯಲ್ಲಿದ್ದ ಅದೇ ಜಾತಿಯ ಕೇಸರಿಯದೊಂದನ್ನೂ ಕಪ್ಪಿನದೊಂದನ್ನೂ ಪಕ್ಕಪಕ್ಕದಲ್ಲಿಟ್ಟರು.

ಪ್ಲೇಗಿನಲ್ಲಿ ಅವರು ಹೋದರು. ಪೆಟ್ಟಿಗೆಯ ಧೂಳು ಒರೆಸುವಾಗ ಆ ಎರಡನ್ನು ಮಾತ್ರ ನಾನು ಕದಲಿಸುವುದಿಲ್ಲ.