ಅಳಿಸಿದ ಪೋಸ್ಟ್ ಯಾವ ವಿಧಿಗೆ ಸೇರುತ್ತದೆ?

ದೆಹಲಿಯ ಆರ್.ಕೆ.ಪುರಂನ ಕನ್ನಡ ಕುಟುಂಬಗಳ ಮಕ್ಕಳಿಗೆ ಸಂವಿಧಾನದ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದರು. ನಾನು ವಾಕ್ ಸ್ವಾತಂತ್ರ್ಯವನ್ನು ಆರಿಸಿಕೊಂಡೆ. ಹತ್ತೊಂಬತ್ತನೇ ವಿಧಿ ಮಾತಾಡುವ ಹಕ್ಕು ಕೊಡುತ್ತದೆ; ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ, ನ್ಯಾಯಾಂಗ ನಿಂದನೆಯಂಥ ಕೆಲವೇ ಕಾರಣಗಳಿಗೆ ಸರ್ಕಾರ ಕಾನೂನು ಮಾಡಿ ಅದಕ್ಕೆ ಮಿತಿ ಹಾಕಬಹುದು ಎಂದು ವಿವರಿಸಿದೆ.

ಹೈಸ್ಕೂಲಿನ ಹುಡುಗಿಯೊಬ್ಬಳು ಎದ್ದಳು. "ಅಂಕಲ್, ನಮ್ಮ ಕ್ವಾರ್ಟರ್ಸ್‌ನ ಛತ್ ಸೋರತ್ತೆ. ಪಪ್ಪಾ ಫೋಟೋ ಹಾಕಿ ಫೇಸ್‌ಬುಕ್‌ನಲ್ಲಿ ಬರೆದ್ರು. ಆಮೇಲೆ ಡಿಲೀಟ್ ಮಾಡಿದ್ರು. ಅದು ಯಾವ ಮಿತಿ?"

ಮುಂದಿನ ಸಾಲಿನಲ್ಲಿದ್ದ ಅವಳ ತಂದೆ ತಲೆ ತಗ್ಗಿಸಿದರು. ಅವರು ಯಾವುದೋ ಸಚಿವಾಲಯದಲ್ಲಿ ಗುಮಾಸ್ತರು.

ಸೋರುವ ಛಾವಣಿಯ ಬಗ್ಗೆ ಬರೆಯುವುದು ಅಪರಾಧವಲ್ಲ ಎಂದೆ. ಸರ್ಕಾರಿ ನೌಕರರು ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದೆಂಬ ನಡತೆ ನಿಯಮ ಇದೆ, ನಿಜ. ಆದರೆ ಆ ನಿಯಮವೂ ಸಂವಿಧಾನಕ್ಕಿಂತ ದೊಡ್ಡದಲ್ಲ. "ಅಳಿಸಿ ಅಂತ ನಿಮಗೆ ಯಾರು ಹೇಳಿದ್ರು?" ಎಂದು ಅವರನ್ನೇ ಕೇಳಿದೆ.

"ಯಾರೂ ಹೇಳಲಿಲ್ಲ ಸರ್. ನಾನೇ ಅಳಿಸಿದೆ."

"ಕ್ಯೂಂ, ಪಪ್ಪಾ?" ಎಂದಳು ಮಗಳು.

ಅವರು ಜೇಬಿನಿಂದ ಫೋನ್ ತೆಗೆದರು. ಅಲ್ಲಿದ್ದ ಉಳಿದ ಅಪ್ಪಂದಿರೂ ತಮ್ಮ ತಮ್ಮ ಫೋನ್ ನೋಡತೊಡಗಿದರು. ನಾನು ಮುಂದಿನ ವಿಷಯಕ್ಕೆ ಹೋದೆ.

ಚಹಾ ಕುಡಿಯುವಾಗ ಆ ಹುಡುಗಿಯ ತಂದೆ ಹತ್ತಿರ ಬಂದರು. "ಸರ್, ಇದನ್ನೆಲ್ಲ ಎಲ್ಲೂ ಬರೀಬೇಡಿ. ಬರೆಯೋದೇ ಆದ್ರೆ ನನ್ನ ಹೆಸರು ಬೇಡ, ನಿಮ್ಮ ಹೆಸರಲ್ಲೇ ಬರೀರಿ. ನಿಮಗೇನು ಭಯ?"

ನಾನು ಪಾಠ ಮಾಡುವುದೂ ಸರ್ಕಾರಿ ಕಾಲೇಜಿನಲ್ಲೇ ಎಂದು ಅವರಿಗೆ ಹೇಳಲಿಲ್ಲ. ಈ ಬರಹದ ಕೆಳಗೆ ಹೆಸರನ್ನೂ ಹಾಕುತ್ತಿಲ್ಲ.